ಬಿಸಿ ಕೋಣೆಯಲ್ಲಿ ಮೊದಲ ದಿನ



ಮುಂಬಯಿ, ಚೆನ್ನೈ ಸೆಖೆಯಲ್ಲಿ ಫ್ಯಾನಿನ ಕೆಳಗಿನ ಜಾಗ ಹುಡುಕುವವರು ನಾವು. ದುಡ್ಡು ಕೊಟ್ಟು ಬಿಸಿ ಕೋಣೆಯಲ್ಲಿ ಯೋಗ ಮಾಡುತ್ತೇನೆಂದರೆ ಮನೆಯ ಹಿರಿಯರು ನಕ್ಕಾರು! ಆದರೂ ‘ಹಾಟ್ ಯೋಗ’ವನ್ನು ಒಮ್ಮೆ ನೋಡಿಯೇ ಬಿಡೋಣ ಎನ್ನುವವರಿಗಾಗಿ ಇವತ್ತಿನ ನಾಲ್ಕು ಮಾತು.

ಇದಕ್ಕೆ ಹೆಸರು ತಂದವರು ಕೋಲ್ಕತ್ತಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಯೋಗ ಕಲಿಸಿದ ಬಿಕ್ರಮ್ ಚೌಧುರಿ. ಅವರ ಪದ್ಧತಿಯಲ್ಲಿ 2 ಉಸಿರಾಟದ ಅಭ್ಯಾಸವೂ ಸೇರಿ 26 ಭಂಗಿ, ಒಟ್ಟು 90 ನಿಮಿಷ. ಕೋಣೆಯ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 40.

ಮೈಸೂರಿನ ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ವಿನ್ಯಾಸದಲ್ಲೂ ಬೆವರು ಧಾರಾಳ. ಆದರೆ ಆ ಶಾಖ ಉಸಿರು ಮತ್ತು ಚಲನೆಯಿಂದ ಒಳಗೇ ಹುಟ್ಟುವಂಥದ್ದು. ನೀವು ನಿಂತರೆ ಅದೂ ತಗ್ಗುತ್ತದೆ. ಬಿಸಿ ಕೋಣೆಯಲ್ಲಿ ಹಾಗಲ್ಲ. ನೀವು ಸುಮ್ಮನೆ ಕುಳಿತರೂ ಹೀಟರ್ ನಡೆಯುತ್ತಲೇ ಇರುತ್ತದೆ. ಮೈ ತಣ್ಣಗಾಗುವುದು ಬೆವರು ಆರಿದಾಗ. ತೇವದ ಗಾಳಿಯಲ್ಲಿ ಅದು ಬೇಗ ಆರುವುದಿಲ್ಲ. ಆದ್ದರಿಂದ ತಲೆ ಸುತ್ತಿದರೆ, ವಾಕರಿಕೆ ಬಂದರೆ, ಕೂತು ಸುಧಾರಿಸಿಕೊಂಡರೆ ಸಾಲದು. ಎದ್ದು ಹೊರಗೆ ಬನ್ನಿ. ಅದಕ್ಕೇ ಮೊದಲ ದಿನ ಚಾಪೆಯನ್ನು ಬಾಗಿಲ ಹತ್ತಿರ ಹಾಸಿಕೊಳ್ಳಿ. ಹೊಸಬರೆಂದು ಶಿಕ್ಷಕರಿಗೆ ಮೊದಲೇ ಹೇಳಿ. ಯಾರಿಗಾದರೂ ಮಾತು ತಡವರಿಸಿ ಗೊಂದಲವಾದರೆ ತಕ್ಷಣ ತಂಪು ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಮಾತು. ಶಾಖದಲ್ಲಿ ಮೈ ಸಲೀಸಾಗಿ ಬಾಗಿದಂತೆ ಅನ್ನಿಸುತ್ತದೆ. ಆ ಹುರುಪಿನಲ್ಲಿ ‘ಇನ್ನೂ ಸ್ವಲ್ಪ’ ಎಂದು ಎಳೆದರೆ ನೋವು ಗೊತ್ತಾಗುವುದು ಮಾರನೆಯ ದಿನ! ಬೆವರಿನ ಜತೆ ಮೈಯ ‘ವಿಷ’ವೆಲ್ಲ ಹೋಯಿತೆಂಬ ಮಾತನ್ನೂ ನಂಬಬೇಡಿ. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ. ತರಗತಿ ಮುಗಿದೊಡನೆ ತೂಕ ಇಳಿದಿದ್ದರೆ ಅದು ಬಹುಪಾಲು ನೀರು, ಕುಡಿದರೆ ಮರಳುತ್ತದೆ.

ಹಾಗಾದರೆ ಹೋಗಲೇಬಾರದೇ? ಆರೋಗ್ಯವಂತರು ಹೋಗಬಹುದು. ಹೊಟ್ಟೆ ತುಂಬ ಉಂಡು ಹೋಗಬೇಡಿ. ನೀರು ಕುಡಿದು ಹೋಗಿ. ದೊಡ್ಡ ಟವೆಲ್ ಒಯ್ಯಿರಿ. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯೋ ಎಳನೀರೋ ಹಿತ. ಗರ್ಭಿಣಿಯರು ಬಿಸಿ ಕೋಣೆಗೆ ಹೋಗದಿರುವುದೇ ಒಳ್ಳೆಯದು. ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು.

ಪಕ್ಕದ ಚಾಪೆಯವರು 90 ನಿಮಿಷ ಮುಗಿಸಬಹುದು. ನಿಮಗೆ ಇಪ್ಪತ್ತೇ ಸಾಕಾದರೆ ಸಂಕೋಚ ಬೇಡ. ಮೈಯ ಮಾತು ಕೇಳಲು ಕಲಿಯುವುದೂ ಯೋಗವೇ ತಾನೇ?