ಕಾವಿನ ಕೋಳಿ ಮತ್ತು ನಮ್ಮ ಪಾಲಿನ ಕೆಲಸ
(ರೈತರ ಕೂಟವೊಂದರಲ್ಲಿ ಮಾಡಿದ ಭಾಷಣ)



ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಮರಿ ಮಾಡಿಸುವ ಕೆಲಸದಲ್ಲಿ ಮಾತ್ರ ಕೋಳಿಯನ್ನು ಕೇಳಿಯೇ ಮುಂದುವರಿಯಬೇಕು. ಕಾವಿಗೆ ಬಾರದ ಹೇಂಟೆಯನ್ನು ಮೊಟ್ಟೆಯ ಮೇಲೆ ಕೂರಿಸುವುದು ಯಾರಿಂದಲೂ ಆಗದು. ಕಾವಿಗೆ ಬಂದ ನಾಟಿ ಹೇಂಟೆಯಾದರೋ 21 ದಿನ ಕೂತು, ಮೈ ಇಳಿದರೂ ಬಿಡದೆ, ತನ್ನ ಕೆಲಸವನ್ನು ಪೂರೈಸುತ್ತದೆ.

ಹಾಗಿದ್ದರೂ ಹನ್ನೆರಡು ಮೊಟ್ಟೆ ಇಟ್ಟ ಎಷ್ಟೋ ಮನೆಗಳಲ್ಲಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಉಳಿಯುವುದು ಮೂರೋ ನಾಲ್ಕೋ ಮರಿ. ಆಗ ನಾವು ಹೇಂಟೆಯನ್ನು ದೂರುತ್ತೇವೆ. ನಾನು ಕಂಡಮಟ್ಟಿಗೆ ತಪ್ಪು ಹೇಂಟೆಯದಲ್ಲ. ಮೊಟ್ಟೆ ಆರಿಸುವಾಗ ಒಂದು ಪಾಲು ಹಾಳಾಗುತ್ತದೆ. ಮರಿ ಹೊರಬಂದ ಮೇಲೆ ಇನ್ನೊಂದು ಪಾಲು ಹಾಳಾಗುತ್ತದೆ. ಇವೆರಡೂ ನಮ್ಮ ಪಾಲಿನ ಕೆಲಸಗಳು. ಕೋಳಿಯ ಕಾಸು ಬಹುಪಾಲು ಮನೆಯೊಡತಿಯ ಕೈಕಾಸು. ಮಕ್ಕಳ ಪುಸ್ತಕಕ್ಕೆ, ಹಬ್ಬದ ಬಟ್ಟೆಗೆ ಆಗಬೇಕಾದ ಹಣ ಹೀಗೆ ಹದ್ದಿನ ಪಾಲೂ ರೋಗದ ಪಾಲೂ ಆಗಬಾರದು.

ಮೊದಲು ಮೊಟ್ಟೆಯ ವಿಷಯ. ಅಂಗಡಿಯಿಂದ ತಂದ ಫಾರಂ ಮೊಟ್ಟೆಯನ್ನು ಎಷ್ಟು ದಿನ ಕಾವಿಗಿಟ್ಟರೂ ಮರಿಯಾಗದು. ಆ ಹೇಂಟೆಗಳ ಜೊತೆಯಲ್ಲಿ ಹುಂಜವಿರುವುದಿಲ್ಲ. ನಮ್ಮ ಹಿತ್ತಲಿನಲ್ಲಿಯೂ ಎಂಟು ಹತ್ತು ಹೇಂಟೆಗಳಿಗೆ ಒಂದು ಗಟ್ಟಿ ಹುಂಜ ಬೇಕು. ಹಬ್ಬಕ್ಕೆಂದು ಹುಂಜವನ್ನು ಕೊಯ್ದಿದ್ದರೆ, ಒಂದು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನು ನಂಬಬೇಡಿ. ಹೇಂಟೆ ಇಡಲು ಆರಂಭಿಸಿದಂದಿನಿಂದ ಕೂಡಿಟ್ಟ ಮೊಟ್ಟೆಗಳನ್ನೆಲ್ಲ ಒಟ್ಟಿಗೆ ಕಾವಿಗಿಡುವ ರೂಢಿ ಬಹಳ ಕಡೆ ಇದೆ. ಇದು ಸರಿಯಲ್ಲ. ಚಳಿಗಾಲದಲ್ಲಿ ಏಳು ದಿನ, ಸೆಕೆಗಾಲದಲ್ಲಿ ಮೂರು ನಾಲ್ಕು ದಿನ ಮೀರಿದ ಮೊಟ್ಟೆಯನ್ನು ಅಡಿಗೆಗೆ ಬಳಸಿ. ಕಾವಿಗೆ ಹೊಸದನ್ನೇ ಆರಿಸಿ. ಒದ್ದೆ ಮರಳಿನ ಮೇಲೆ ಕೂರಿಸಿದ ಮಡಕೆಯಲ್ಲಿ, ದಪ್ಪ ತುದಿ ಮೇಲಾಗಿ, ಒಲೆಯಿಂದ ದೂರವಿಟ್ಟರೆ ಮೊಟ್ಟೆ ತಂಪಾಗಿರುತ್ತದೆ. ಸೀಳಿದ್ದು, ತೆಳು ಚಿಪ್ಪಿನದು, ತೀರ ದೊಡ್ಡದು, ತೀರ ಸಣ್ಣದು ಬೇಡ. ಕೊಳೆಯಾದ ಮೊಟ್ಟೆಯನ್ನು ತೊಳೆಯಲೂ ಬಾರದು.

ಮೊಟ್ಟೆ ಎಷ್ಟು? ಸಾಧಾರಣ ನಾಟಿ ಹೇಂಟೆಗೆ ಹತ್ತರಿಂದ ಹನ್ನೆರಡು. ನಾನೇ ಒಮ್ಮೆ ಆಸೆಗೆ ಬಿದ್ದು ಸಣ್ಣ ಹೇಂಟೆಯೊಂದರ ಕೆಳಗೆ 16 ಮೊಟ್ಟೆ ಇಟ್ಟೆ. ಹೊರಗುಳಿದ ನಾಲ್ಕು ಹೋದರೂ ಹನ್ನೆರಡು ಮರಿಯಾದೀತು ಎಂಬುದು ನನ್ನ ಲೆಕ್ಕ. ಬಂದದ್ದು ಐದೇ ಮರಿ. ಕಾರಣ ಆಮೇಲೆ ತಿಳಿಯಿತು. ಹೇಂಟೆ ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಹೊರಳಿಸಿ, ಅಂಚಿನವನ್ನು ನಡುವಿಗೂ ನಡುವಿನವನ್ನು ಅಂಚಿಗೂ ದೂಡುತ್ತಿರುತ್ತದೆ. ಹೀಗಾಗಿ ತಣ್ಣಗಾಗುವುದು ಯಾವುವೋ ನಾಲ್ಕಲ್ಲ. ಸರದಿಯ ಮೇಲೆ ಎಲ್ಲವೂ ತಣ್ಣಗಾಗುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿಯ ಮೊಟ್ಟೆ ನಾಟಿ ಮೊಟ್ಟೆಗಿಂತ ದೊಡ್ಡದು. ಅಂಥವನ್ನು ಇಡುವುದಾದರೆ ಎಂಟಕ್ಕೆ ನಿಲ್ಲಿಸಿ.

ಹೇಂಟೆ ನಿಜವಾಗಿ ಕಾವಿಗೆ ಬಂದಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಅದು ರಾತ್ರಿಯೂ ಗೂಡು ಬಿಡುವುದಿಲ್ಲ. ಕೈ ಚಾಚಿದರೆ ಪುಕ್ಕ ಕೆದರಿ, ಗೊಣಗಿ, ಕುಕ್ಕುತ್ತದೆ. ಕೆಲಸಕ್ಕೆ ಬಾರದ ಒಂದೆರಡು ಮೊಟ್ಟೆ ಇಟ್ಟು ಎರಡು ಮೂರು ದಿನ ನೋಡಿ. ಕದಲದೆ ಕೂತರೆ, ಕತ್ತಲಾದ ಮೇಲೆ ಒಳ್ಳೆಯ ಮೊಟ್ಟೆಗಳ ಮೇಲೆ ಕೂರಿಸಿ. ಅಗಲ ಬಾಯಿಯ ಬಿದಿರ ಬುಟ್ಟಿ, ತಳದಲ್ಲಿ ಒಲೆಯ ತಣ್ಣನೆಯ ಬೂದಿ, ಮೇಲೆ ಒಣಹುಲ್ಲು, ನಡುವೆ ಒಂದಿಷ್ಟು ಒಣ ಬೇವಿನೆಲೆ, ಇಷ್ಟು ಸಾಕು. ಹೇನು ಹತ್ತಿದ ಹೇಂಟೆ ಎಷ್ಟೇ ಒಳ್ಳೆಯದಾದರೂ ಗೂಡು ಬಿಟ್ಟು ಏಳುತ್ತದೆ. ಬೆಳೆಗೆ ಹೊಡೆಯುವ ಔಷಧಿಯನ್ನು ಮಾತ್ರ ಗೂಡಿನ ಬಳಿ ತರಬೇಡಿ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕೆಲವರು ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವುದುಂಟು. ಇಟ್ಟರೆ ನಷ್ಟವಿಲ್ಲ, ಆದರೆ ಮೊಟ್ಟೆಯನ್ನು ಕೆಡಿಸುವುದು ಗುಡುಗಲ್ಲ, ಸೋರುವ ಮಾಡು.

ದಿನಕ್ಕೊಮ್ಮೆ ಹೇಂಟೆ ಎದ್ದು ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಾಡಿ, ಕಾಲು ಗಂಟೆಯೊಳಗೆ ಮರಳುತ್ತದೆ. ರಾಗಿ ಅಥವಾ ಜೋಳ ಮತ್ತು ನೀರು ಗೂಡಿನ ಹತ್ತಿರವೇ ಇರಲಿ. ಬೇರೆ ಕೋಳಿ ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಡುವುದುಂಟು. ಆದ್ದರಿಂದ ಮೊದಲ ದಿನವೇ ನಿಮ್ಮ ಮೊಟ್ಟೆಗಳಿಗೆ ಇದ್ದಿಲಿನಿಂದ ಗುರುತು ಹಾಕಿ, ಗುರುತಿಲ್ಲದ್ದನ್ನು ತೆಗೆಯುತ್ತಿರಿ. ಏಳನೆಯ ರಾತ್ರಿ ಕತ್ತಲ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಬ್ಯಾಟರಿ ಬೆಳಕು ಹಿಡಿದು ನೋಡಿ. ಜೇಡರ ಬಲೆಯಂತೆ ಕೆಂಪು ನರಗಳು ಹರಡಿದ್ದರೆ ಒಳಗೆ ಜೀವವಿದೆ. ಬೆಳಕು ತಡೆಯಿಲ್ಲದೆ ಹಾದುಹೋದರೆ ಅದು ಗೊಡ್ಡು ಮೊಟ್ಟೆ, ತೆಗೆದುಬಿಡಿ.

19ನೆಯ ದಿನದಿಂದ ಗೂಡಿಗೆ ಕೈ ಹಾಕಬೇಡಿ. ಚಿಪ್ಪು ಒಡೆಯಲು ತಡವಾಯಿತೆಂದು ಬಿಡಿಸಲು ಹೋದರೆ ಮರಿ ರಕ್ತ ಸೋರಿ ಸಾಯುವುದುಂಟು. ಮೊಟ್ಟೆಯೊಡೆಯುವ ಮುನ್ನ ಮರಿಯು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಅದಕ್ಕೆ ಸಮಯ ಬೇಕು. ಆ ಹಳದಿಯೇ ಮರಿಯ ಬುತ್ತಿ. ಆದ್ದರಿಂದ ಮೊದಲ ದಿನ ಮೇವಿಗೆ ಆತುರಪಡಬೇಕಾಗಿಲ್ಲ.

ಇನ್ನು ಮುಖ್ಯವಾದ ಮಾತು. ಮರಿಗಳು ಹೊರಬಂದವೆಂದು ನಾವು ಕೈತೊಳೆದುಕೊಳ್ಳುತ್ತೇವೆ. ನಿಜವಾದ ಕೆಲಸ ಆರಂಭವಾಗುವುದೇ ಅಂದಿನಿಂದ. ಮೊದಲ ನಾಲ್ಕು ವಾರ ತಾಯಿಯನ್ನೂ ಮರಿಗಳನ್ನೂ ದೊಡ್ಡ ಮಂಕರಿಯ ಕೆಳಗೋ ಬಲೆ ಕಟ್ಟಿದ ಅಂಗಳದಲ್ಲೋ ಇಡಿ. ಹದ್ದು, ಕಾಗೆ, ಬೆಕ್ಕು, ಮುಂಗುಸಿಗಳ ಕಾಟ ಆಗಲೇ ಹೆಚ್ಚು. ಸಣ್ಣ ನುಚ್ಚು, ರಾಗಿ, ಬೂಸ್ಟು ಹಿಡಿಯದ ಕಡಲೆಕಾಯಿ ಹಿಂಡಿಯ ಪುಡಿ ಕೊಡಿ. ಹಳೆಯ ಮಡಕೆಯಲ್ಲಿ ಒದ್ದೆ ಹುಲ್ಲು, ಸಗಣಿ ತುಂಬಿ ಹುತ್ತದ ಬಳಿ ಬೋರಲು ಹಾಕಿದರೆ ಮರುದಿನ ಗೆದ್ದಲು ಸಿಗುತ್ತದೆ. ಮರಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ನೀರಿನ ತಟ್ಟೆ ಆಳವಿಲ್ಲದಿರಲಿ. ಅದರಲ್ಲಿ ನಾಲ್ಕು ಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ.

ಹದ್ದು ಒಂದೆರಡನ್ನು ಒಯ್ದರೆ ಕೊಕ್ಕರೆ ರೋಗ ಇಡೀ ಕೇರಿಯನ್ನೇ ಒಯ್ಯುತ್ತದೆ. ಬಂದ ಮೇಲೆ ಮದ್ದಿಲ್ಲ. ಬಾರದಂತೆ ಲಸಿಕೆ ಇದೆ. ಏಳು ದಿನದೊಳಗೆ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರಕ್ಕೆ ಚುಚ್ಚುಮದ್ದು. ಇಲ್ಲಿ ಒಂದು ತೊಡಕಿದೆ. ಲಸಿಕೆಯ ಒಂದು ಸೀಸೆ ನೂರು ಇಲ್ಲವೇ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಷ್ಟು ಇರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಯಿದ್ದ ಒಂದು ಮನೆಯವರು ಅದನ್ನು ತರುವುದೆಂತು? ಹೀಗೆಂದೇ ಎಷ್ಟೋ ಮರಿಗಳಿಗೆ ಲಸಿಕೆ ಬೀಳುವುದಿಲ್ಲ.

ಇದಕ್ಕೆ ಉಪಾಯ ನಿಮ್ಮ ಕೈಯಲ್ಲೇ ಇದೆ. ಒಂದು ಕೇರಿಯ ಹತ್ತು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಹೇಂಟೆಗಳನ್ನು ಕಾವಿಗೆ ಕೂರಿಸಿ. ಮೊದಲು ಕಾವಿಗೆ ಬಂದದ್ದನ್ನು ಕೆಲಸಕ್ಕೆ ಬಾರದ ಮೊಟ್ಟೆಗಳ ಮೇಲೆ ನಾಲ್ಕು ದಿನ ಕಾಯಿಸಿದರೆ ಉಳಿದವು ಬಂದು ಸೇರುತ್ತವೆ. ಆಗ ಹತ್ತು ಮನೆಯ ಮರಿಗಳೂ ಒಂದೇ ವಾರಕ್ಕೆ ಹೊರಬರುತ್ತವೆ. ಪಶು ಆಸ್ಪತ್ರೆಗೆ ಮೊದಲೇ ತಿಳಿಸಿ, ಒಂದು ಸೀಸೆ ತಂದು, ಒಂದೇ ಮುಂಜಾನೆ ಎಲ್ಲಕ್ಕೂ ಹನಿ ಹಾಕಿಸಬಹುದು. ಇನ್ನೂ ಒಂದು ಲಾಭವುಂಟು. ಎರಡು ಹೇಂಟೆಗಳ ಕೆಳಗೆ ಒಂದೇ ದಿನ ಐದೈದು ಮರಿ ಬಂದರೆ, ರಾತ್ರಿ ಅವನ್ನೆಲ್ಲ ಒಂದೇ ತಾಯಿಯ ರೆಕ್ಕೆಯಡಿ ಸೇರಿಸಬಹುದು. ಇನ್ನೊಂದು ಹೇಂಟೆ ಬೇಗನೆ ಮೊಟ್ಟೆಗೆ ಬರುತ್ತದೆ.

ಸುಗ್ಗಿ ಮುಗಿದು ಕಣದಲ್ಲಿ ಕಾಳು ಚೆಲ್ಲಿರುವ ತಂಪಿನ ದಿನಗಳೇ ಇದಕ್ಕೆ ಸರಿಯಾದ ಕಾಲ. ಹೇಂಟೆ 21 ದಿನ ತನ್ನ ಮಾತು ನಡೆಸಿಕೊಡುತ್ತದೆ. ಆಮೇಲಿನ ನಾಲ್ಕು ವಾರ ನಾವು ನಮ್ಮ ಮಾತು ನಡೆಸಿಕೊಡೋಣ. ಇಂದು ಇಲ್ಲಿಂದ ಏಳುವ ಮೊದಲು ನಿಮ್ಮ ಕೇರಿಯ ಹತ್ತು ಮನೆಯವರು ಯಾರೆಂದು ಗೊತ್ತುಮಾಡಿಕೊಳ್ಳಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.