ಆಟ ಮುಗಿದ ಮೇಲೆ ಲೆಕ್ಕ ಎಲ್ಲಿಗೆ ಹೋಗುತ್ತದೆ?



ಪುಟ್ಟ ಮಕ್ಕಳಿಗೆ ಆಟದ ಮೂಲಕವೇ ಗಣಿತ ಕಲಿಸಬೇಕು ಎಂಬ ಮಾತಿಗೆ ಈಗ ವಿರೋಧಿಗಳು ವಿರಳ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾದ ನಲಿ-ಕಲಿ ಅದನ್ನು ಹೇಳಿತ್ತು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಅದನ್ನೇ ಹೇಳುತ್ತದೆ. ಎಲ್ಲರೂ ತಲೆದೂಗುವ ಮಾತನ್ನು ಯಾರೂ ಒರೆಗೆ ಹಚ್ಚುವುದಿಲ್ಲ, ನನ್ನ ತಕರಾರು ಅಲ್ಲಿದೆ. ಕೈಗೆ ಬೀಜ, ಮಣಿ, ಕವಡೆ ಕೊಟ್ಟರೆ ಸಂಖ್ಯೆ ತಾನಾಗಿ ತಲೆಗೆ ಹತ್ತುತ್ತದೆ ಎಂದು ನಾವು ನಂಬಿ ಕೂತೆವು. ಬಾಯಿಪಾಠದ ಮೇಲಿದ್ದ ಕುರುಡು ಭಕ್ತಿಯನ್ನು ಸಾಮಗ್ರಿಗಳ ಮೇಲೆ ವರ್ಗಾಯಿಸಿದೆವು, ಅಷ್ಟೆ.

ಬಾಯಿಪಾಠ ಸಾಲದು ಎಂಬುದರಲ್ಲಿ ಅನುಮಾನವಿಲ್ಲ. ಒಂದರಿಂದ ಹತ್ತರವರೆಗೆ ಪಟಪಟನೆ ಒಪ್ಪಿಸುವ ಮೂರು ವರ್ಷದ ಮಗುವಿಗೆ ‘ನಾಲ್ಕು ಹುಣಸೆ ಬೀಜ ಕೊಡು ಪುಟ್ಟಾ’ ಎನ್ನಿ. ಮುಷ್ಟಿಗೆ ಸಿಕ್ಕಷ್ಟನ್ನು ಬಾಚಿ ಕೊಡುತ್ತದೆ. ‘ಒಂದು ಕೊಡು’ ಎಂದರೆ ಮಾತ್ರ ತಪ್ಪುವುದಿಲ್ಲ. ಒಂದರ ಅರ್ಥ ಕೈಗೆ ಬಂದು ‘ಎರಡು’ ತಿಳಿಯಲು ತಿಂಗಳುಗಳೇ ಬೇಕು ಎಂಬುದನ್ನು ಮನೋವಿಜ್ಞಾನಿ ಕ್ಯಾರೆನ್ ವಿನ್ 1990ರ ದಶಕದ ಆರಂಭದಲ್ಲೇ ತೋರಿಸಿದರು. ಎಣಿಸುವಾಗ ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬ ತತ್ತ್ವದ ಬಗ್ಗೆ 1978ರಲ್ಲಿ ಗೆಲ್‌ಮನ್ ಮತ್ತು ಗ್ಯಾಲಿಸ್ಟೆಲ್ ಬರೆದದ್ದನ್ನು ಇಲ್ಲಿ ಕೂತಿರುವ ಹಲವರು ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ, ಅದನ್ನು ಅವರಿಗೇ ಬಿಡುತ್ತೇನೆ.

ಹಾಗಾದರೆ ಎಂಥ ಆಟ? ಮನೋವಿಜ್ಞಾನಿಗಳಾದ ಸೀಗ್ಲರ್ ಮತ್ತು ರಮಣಿ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಮೆರಿಕದ ಬಡ ಕುಟುಂಬಗಳ ಮಕ್ಕಳು ಒಂದರಿಂದ ಹತ್ತರವರೆಗೆ ಅಂಕಿ ಬರೆದ ನೇರ ಸಾಲಿನ ಮೇಲೆ ಕಾಯಿ ನಡೆಸಿದರು. ಎರಡು ವಾರಗಳಲ್ಲಿ ನಾಲ್ಕೇ ಬಾರಿ, ಪ್ರತಿ ಸಲ ಸುಮಾರು ಹದಿನೈದು ನಿಮಿಷ. ಅಂಕಿಯ ಬದಲು ಬಣ್ಣದ ಮನೆಗಳಿದ್ದ ಪಟದಲ್ಲಿ ಆಡಿದವರಿಗೆ ಲಾಭವಾಗಲಿಲ್ಲ. ಅಂಕಿಯ ಪಟದಲ್ಲಿ ಆಡಿದವರ ಕಲಿಕೆ ಒಂಬತ್ತು ವಾರಗಳ ನಂತರವೂ ಉಳಿದಿತ್ತು. ಮುಂದಿನ ವರ್ಷ ಅದೇ ಅಂಕಿಗಳನ್ನು ವೃತ್ತಾಕಾರದಲ್ಲಿ ಜೋಡಿಸಿ ನೋಡಿದರೆ ಆ ಫಲ ಕಾಣಲಿಲ್ಲ. ಅಂಕಿಯ ಪಟದ ಆಟದಲ್ಲಿ ಐದರ ಮನೆಯಲ್ಲಿರುವ ಮಗು ಎರಡು ಮನೆ ನಡೆಯುವಾಗ ‘ಒಂದು, ಎರಡು’ ಎನ್ನದೆ ‘ಆರು, ಏಳು’ ಎನ್ನಬೇಕಿತ್ತು. ಆಟದ ಜೀವ ಇರುವುದು ನೇರ ಸಾಲಿನ ಜೊತೆಗೆ ಈ ಸಣ್ಣ ನಿಯಮದಲ್ಲಿ. ಚೌಕಾಬಾರವನ್ನು ಅಂಗನವಾಡಿಗೆ ತರಬೇಕೆನ್ನುವ ಗೆಳೆಯರು ಇದನ್ನು ಗಮನಿಸಬೇಕು. ಕವಡೆ ಎಣಿಸುವ ಅಭ್ಯಾಸಕ್ಕೆ ಅದು ಒಳ್ಳೆಯದೇ. ಆದರೆ ಅಲ್ಲಿ ಕಾಯಿ ಸುತ್ತುತ್ತಾ ಒಳಗೆ ಹೋಗುತ್ತದೆ, ಮನೆಗಳಿಗೆ ಅಂಕಿಯಿಲ್ಲ. ಪರಂಪರೆಯದ್ದು ಎಂಬ ಕಾರಣಕ್ಕೇ ಅದು ಸಂಖ್ಯಾರೇಖೆಯನ್ನು ಕಲಿಸಿಬಿಡುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ದೆಹಲಿಯ ಒಂದು ಅಧ್ಯಯನ. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಡಿಲನ್, ಸ್ಪೆಲ್ಕಿ, ಡುಫ್ಲೋ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ‘ಪ್ರಥಮ್’ ಸಂಸ್ಥೆಯೊಂದಿಗೆ ನಡೆಸಿದ ಈ ಪ್ರಯೋಗದಲ್ಲಿ 214 ಶಾಲಾಪೂರ್ವ ಕೇಂದ್ರಗಳ 1540 ಮಕ್ಕಳಿದ್ದರು. ಗಣಿತದ ಆಟಗಳು ನಾಲ್ಕು ತಿಂಗಳು ನಡೆದವು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಕಣ್ಣಂದಾಜಿನಲ್ಲೇ ಹೇಳುವ ಶಕ್ತಿ ಬೆಳೆಯಿತು, ವರ್ಷ ಕಳೆದರೂ ಮಾಸಲಿಲ್ಲ. ಆದರೆ ಒಂದನೆಯ ತರಗತಿಯ ಅಂಕಿ-ಲೆಕ್ಕದಲ್ಲಿ ಅದರ ಪ್ರಯೋಜನ ಕಾಣಲಿಲ್ಲ. ಇದನ್ನು ಆಟದ ಸೋಲು ಎನ್ನುವವರಿದ್ದಾರೆ. ಬಾಯಿಪಾಠಕ್ಕೇ ಮರಳೋಣ ಎನ್ನುವವರೂ ಇದ್ದಾರೆ. ಕಣ್ಣಂದಾಜಿನಿಂದ ಅಂಕಿ-ಲೆಕ್ಕಕ್ಕೆ ದಾಟಿಸುವ ಸೇತುವೆಯನ್ನು ಬಾಯಿಪಾಠ ಎಂದು ಕಟ್ಟಿತ್ತು? ಚಿಕ್ಕ ಮಕ್ಕಳಿಗೆ ಅಂಕಿಯ ಅವಸರವೇಕೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬರೆಸುವ ಅವಸರ ಬೇಡವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಂಕಿ ನೋಡುವುದು, ಅದರ ಹೆಸರು ಹೇಳುವುದು, ಅಷ್ಟೇ ಬೀಜ ಎತ್ತಿಡುವುದು ಒಂದೇ ಆಟದಲ್ಲಿ ನಡೆದರೆ ಮಗುವಿಗೆ ಹೊರೆಯೇನೂ ಆಗದು.

ಆ ಮೂರನ್ನು ಯಾವ ಹಂತದಲ್ಲಿ, ಯಾವ ಅನುಕ್ರಮದಲ್ಲಿ ಬೆಸೆಯಬೇಕು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಆಟಗಳನ್ನು ಪ್ರದರ್ಶಿಸುವವರಿಗೆ ನನ್ನದೊಂದೇ ವಿನಂತಿ: ಮಕ್ಕಳು ಎಷ್ಟು ಖುಷಿಪಟ್ಟರು ಎನ್ನುವುದರ ಜೊತೆಗೆ, ಕಾಯಿ ನಡೆಸುವಾಗ ಅವರ ಬಾಯಲ್ಲಿ ಬಂದ ಸಂಖ್ಯೆ ಯಾವುದು ಎಂಬುದನ್ನೂ ಹೇಳಿ.