ಸಾಕ್ಷಿಯನ್ನು ಕರೆಯದ ನ್ಯಾಯಾಧೀಶ: ಒಥೆಲೊ ದುರಂತ

(ಕಾಲೇಜೊಂದರ ಸಾಹಿತ್ಯ ಸಂಘದ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ಶೇಕ್ಸ್‌ಪಿಯರನ ‘ಒಥೆಲೊ’ ನಾಟಕವನ್ನು ನಿಮ್ಮಲ್ಲಿ ಕೆಲವರು ಪಠ್ಯವಾಗಿ ಓದಿರಬಹುದು. ಇನ್ನು ಕೆಲವರಿಗೆ 1997ರ ಮಲಯಾಳಂ ಚಿತ್ರ ‘ಕಳಿಯಾಟ್ಟಂ’ ಅಥವಾ 2006ರ ಹಿಂದಿ ಚಿತ್ರ ‘ಓಂಕಾರ’ದ ಮೂಲಕ ಅದರ ಕತೆ ಗೊತ್ತಿರಬಹುದು. ಕನ್ನಡಕ್ಕಂತೂ ಈ ಕತೆ ಹಳೆಯ ನೆಂಟ. ಹತ್ತೊಂಬತ್ತನೆಯ ಶತಮಾನದಲ್ಲೇ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ ಎಂಬ ಹೆಸರಿನಲ್ಲಿ ಅದನ್ನು ನಮ್ಮ ರಂಗಭೂಮಿಗೆ ತಂದಿದ್ದರು.

ಇದನ್ನು ಹೊಟ್ಟೆಕಿಚ್ಚಿನ ನಾಟಕ ಎನ್ನುವುದು ವಾಡಿಕೆ. ಅದು ಸರಿಯೇ. ಆದರೆ ಸುದ್ದಿಮನೆಯಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ವಿಚಾರಣೆಯ ನಾಟಕವಾಗಿಯೂ ಕಾಣುತ್ತದೆ. ವರದಿಗಾರಿಕೆಯ ತರಗತಿಯಲ್ಲಿ ಮೊದಲು ಕಲಿಸುವ ಪಾಠ ಇದು: ಯಾರ ಮೇಲೆ ಆರೋಪ ಬಂದಿದೆಯೋ ಅವರನ್ನು ಕೇಳದೆ ಬರೆಯಬೇಡ. ಒಥೆಲೊ ಈ ಪಾಠವನ್ನು ಬಲ್ಲವನೇ ಆಗಿದ್ದ. ಬಲ್ಲವನೇ ಅದನ್ನು ಮರೆಯುವಂತೆ ಮಾಡಿದ್ದು ಯಾವುದು ಎಂಬುದೇ ನನ್ನ ಇಂದಿನ ವಿಷಯ.

ವೆನಿಸ್‌ನಲ್ಲಿ ನಡೆದ ವಿಚಾರಣೆ

1604ರ ನವೆಂಬರ್ 1ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಈ ನಾಟಕದ ಪ್ರದರ್ಶನ ನಡೆದ ದಾಖಲೆಯಿದೆ. ಶೇಕ್ಸ್‌ಪಿಯರ್ ಕತೆಯನ್ನು ಎತ್ತಿಕೊಂಡಿದ್ದು 1565ರಲ್ಲಿ ಪ್ರಕಟವಾದ ಇಟಲಿಯ ಚಿಂತಿಯೊನ ಕಥಾಸಂಗ್ರಹದಿಂದ. ವೆನಿಸ್ ಗಣರಾಜ್ಯದ ಸೇನೆಯಲ್ಲಿ ದುಡಿಯುವ ಕರಿಯ ಸೇನಾನಿ ಒಥೆಲೊ. ಪರದೇಶದವನು, ಯುದ್ಧದಲ್ಲಿ ಪಳಗಿದವನು. ಅಲ್ಲಿನ ಗಣ್ಯನೊಬ್ಬನ ಮಗಳು ಡೆಸ್ಡಿಮೋನಾ ಮನೆಯವರಿಗೆ ತಿಳಿಸದೆ ಅವನನ್ನು ಮದುವೆಯಾಗುತ್ತಾಳೆ.

ತಂದೆ ಬ್ರಬಾನ್ಶಿಯೊ ಸಭೆಗೆ ದೂರು ತರುತ್ತಾನೆ. ಮಾಟ ಮಾಡಿ, ಮದ್ದು ಹಾಕಿ ಮಗಳನ್ನು ಮರುಳು ಮಾಡಿದ್ದಾನೆ ಎಂಬುದು ಅವನ ಆರೋಪ. ಆಳುವ ಡ್ಯೂಕ್ ಅದನ್ನು ಹಾಗೆಯೇ ನಂಬುವುದಿಲ್ಲ. ಆರೋಪ ಹೊರಿಸುವುದೇ ಬೇರೆ, ಅದನ್ನು ರುಜುವಾತುಪಡಿಸುವುದೇ ಬೇರೆ ಎಂದು ನೆನಪಿಸುತ್ತಾನೆ. ಆಗ ಒಥೆಲೊ ತಾನಾಗಿಯೇ ಒಂದು ಬೇಡಿಕೆ ಇಡುತ್ತಾನೆ: ಡೆಸ್ಡಿಮೋನಾಳನ್ನು ಕರೆಸಿ, ಅವಳ ಬಾಯಿಂದಲೇ ಕೇಳಿ, ನಾನು ತಪ್ಪಿತಸ್ಥನೆಂದು ಕಂಡರೆ ನನ್ನ ಪ್ರಾಣವನ್ನೇ ತೆಗೆಯಿರಿ. ಅವಳು ಬರುತ್ತಾಳೆ, ಎಲ್ಲರ ಎದುರು ಮಾತಾಡುತ್ತಾಳೆ, ಆರೋಪ ಬಿದ್ದುಹೋಗುತ್ತದೆ.

ಒಬ್ಬ ಸಾಕ್ಷಿಯನ್ನು ಕರೆದು ಕೇಳಿದ್ದರಿಂದ ಒಂದು ಸಂಸಾರ ಉಳಿಯಿತು. ನಾಟಕದ ಮೊದಲ ಅಂಕದಲ್ಲೇ ಬರುವ ಈ ಪ್ರಸಂಗವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೊಟ್ಟೆಕಿಚ್ಚು ಮತ್ತು ಸಂಶಯ

ಇಂಗ್ಲಿಷಿನಲ್ಲಿ ಒಂದೇ ಮಾತು ಹಿಡಿದಿಡುವ ಎರಡು ಭಾವಗಳಿಗೆ ಕನ್ನಡದಲ್ಲಿ ಬೇರೆಬೇರೆ ಹೆಸರಿವೆ. ಇನ್ನೊಬ್ಬನಿಗೆ ದೊರೆತದ್ದು ತನಗೆ ದೊರೆಯಲಿಲ್ಲವೆಂಬ ಉರಿ ಹೊಟ್ಟೆಕಿಚ್ಚು. ತನ್ನದು ಕೈತಪ್ಪಿ ಹೋಗುತ್ತಿದೆಯೆಂಬ ಭಯ ಸಂಶಯ. ಮೊದಲನೆಯದು ಇಯಾಗೊನ ರೋಗ, ಎರಡನೆಯದು ಒಥೆಲೊನದು. ಮೊದಲನೆಯ ರೋಗ ಎರಡನೆಯದನ್ನು ಹೇಗೆ ಅಂಟಿಸುತ್ತದೆ ಎಂಬುದೇ ಈ ನಾಟಕದ ನಡಿಗೆ.

ಇಯಾಗೊ ಒಥೆಲೊನ ಕೈಕೆಳಗಿನ ಅಧಿಕಾರಿ. ತನಗೆ ಸಿಗಬೇಕಿದ್ದ ಬಡ್ತಿ ಕ್ಯಾಸಿಯೊ ಪಾಲಾಯಿತು ಎಂಬ ಕಿಚ್ಚು ಅವನಿಗೆ. ಯುದ್ಧಭೂಮಿ ನೋಡದ, ಬರೀ ಪುಸ್ತಕ ಓದಿದ ಆಸಾಮಿ ಎಂದು ಕ್ಯಾಸಿಯೊನನ್ನು ಹಳಿಯುತ್ತಾನೆ. ಜೊತೆಗೆ ತನ್ನ ಹೆಂಡತಿ ಎಮಿಲಿಯಾ ಹಾಗೂ ಒಥೆಲೊ ನಡುವೆ ಏನೋ ಇದೆಯೆಂಬ ಗುಮಾನಿ ಬೇರೆ. ಅದಕ್ಕೆ ಆಧಾರವಿಲ್ಲವೆಂದು ಅವನಿಗೇ ಗೊತ್ತು. ಆದರೂ ಅದನ್ನು ನಿಜವೆಂದೇ ಭಾವಿಸಿ ನಡೆಯುತ್ತೇನೆ ಎನ್ನುತ್ತಾನೆ. ಆಧಾರವಿಲ್ಲದೆ ನಂಬುವ ಈ ರೂಢಿಯನ್ನೇ ಅವನು ಮುಂದೆ ಒಥೆಲೊನಿಗೂ ಕಲಿಸುತ್ತಾನೆ.

ಅರ್ಧ ಮಾತಿನ ವಿಷ

ಅಷ್ಟರಲ್ಲಿ ತುರ್ಕರ ನೌಕಾಪಡೆ ಸೈಪ್ರಸ್ ದ್ವೀಪದತ್ತ ಹೊರಟ ಸುದ್ದಿ ಬಂದು, ಅದನ್ನು ಕಾಯಲು ಒಥೆಲೊನನ್ನು ಕಳುಹಿಸುತ್ತಾರೆ. ಆದರೆ ಬಿರುಗಾಳಿಗೆ ಸಿಕ್ಕಿ ತುರ್ಕರ ಹಡಗುಗಳು ನಾಶವಾಗುತ್ತವೆ. ಚರಿತ್ರೆಯಲ್ಲಿ 1571ರ ಹೊತ್ತಿಗೆ ಸೈಪ್ರಸ್ ತುರ್ಕರ ವಶವಾಯಿತು. ನಾಟಕದಲ್ಲಿ ಮಾತ್ರ ಹೊರಗಿನ ಶತ್ರು ಬರುವುದೇ ಇಲ್ಲ. ಕೋಟೆ ಒಳಗಿನಿಂದ ಕುಸಿಯುತ್ತದೆ.

ಇಯಾಗೊ ಮೊದಲು ಕ್ಯಾಸಿಯೊನಿಗೆ ಕುಡಿಸಿ ಜಗಳ ಹಚ್ಚುತ್ತಾನೆ. ಒಥೆಲೊ ಕಾರಣ ಕೇಳಿದಾಗ, ಗೆಳೆಯನ ಮೇಲೆ ಹೇಳಲು ಮನಸ್ಸೇ ಇಲ್ಲದವನಂತೆ ಎಲ್ಲವನ್ನೂ ಹೇಳಿಬಿಡುತ್ತಾನೆ. ಕ್ಯಾಸಿಯೊ ಹುದ್ದೆ ಕಳೆದುಕೊಳ್ಳುತ್ತಾನೆ. ಆಮೇಲೆ ಅವನಿಗೆ ಸಮಾಧಾನ ಹೇಳುವವನೂ ಇಯಾಗೊನೇ: ಡೆಸ್ಡಿಮೋನಾಳ ಮೂಲಕ ಶಿಫಾರಸು ಮಾಡಿಸು. ಅವಳು ಮೃದು ಮನಸ್ಸಿನವಳು, ಒಪ್ಪಿಕೊಳ್ಳುತ್ತಾಳೆ. ಅವಳು ಕ್ಯಾಸಿಯೊನ ಪರವಾಗಿ ಎಷ್ಟು ಒತ್ತಾಯಿಸುತ್ತಾಳೋ ಗಂಡನ ಅನುಮಾನ ಅಷ್ಟು ಬೆಳೆಯುತ್ತದೆ. ಅವಳ ಒಳ್ಳೆಯತನವೇ ಅವಳಿಗೆ ಉರುಳಾಯಿತು.

ನಮ್ಮ ರಾಮಾಯಣದ ಮಂಥರೆಯೂ ಕಿವಿ ಊದಿದವಳೇ. ಆದರೆ ಅವಳು ತನಗೆ ಬೇಕಾದುದನ್ನು ಬಿಡಿಸಿ ಹೇಳುತ್ತಾಳೆ. ಇಯಾಗೊ ಹಾಗಲ್ಲ. ಮೂರನೆಯ ಅಂಕದ ಮೂರನೆಯ ದೃಶ್ಯವನ್ನು ನೋಡಿ. ಡೆಸ್ಡಿಮೋನಾಳ ಬಳಿಯಿಂದ ಕ್ಯಾಸಿಯೊ ಹೊರಟುಹೋಗುವುದನ್ನು ಕಂಡು ಇಯಾಗೊ ಏನೋ ಗೊಣಗುತ್ತಾನೆ. ಏನೆಂದೆ ಎಂದರೆ, ಏನೂ ಇಲ್ಲ ಎನ್ನುತ್ತಾನೆ. ಒಥೆಲೊನ ಪ್ರಶ್ನೆಯನ್ನೇ ಪ್ರತಿಧ್ವನಿಯಂತೆ ಹಿಂದಿರುಗಿಸುತ್ತಾನೆ. ಸಂಶಯಕ್ಕೆ ಬಲಿಯಾಗಬೇಡಿ ಎಂದು ಬುದ್ಧಿಯನ್ನೂ ಹೇಳುತ್ತಾನೆ. ಅರ್ಧ ವಾಕ್ಯ ಅವನದು, ಉಳಿದರ್ಧವನ್ನು ಒಥೆಲೊ ತಾನೇ ತುಂಬಿಕೊಳ್ಳುತ್ತಾನೆ. ಪರರು ಹೇಳಿದ್ದನ್ನು ನಾವು ಅಲ್ಲಗಳೆಯಬಹುದು. ನಾವೇ ಕಟ್ಟಿಕೊಂಡದ್ದನ್ನು ಅಲ್ಲಗಳೆಯುವುದು ಕಷ್ಟ.

ಒಥೆಲೊನ ಮರ್ಮಸ್ಥಾನ ಯಾವುದೆಂಬುದೂ ಇಯಾಗೊನಿಗೆ ಗೊತ್ತು. ನಾನು ಈ ಊರಿನವನು, ವೆನಿಸ್ಸಿನ ಹೆಂಗಸರ ರೀತಿ ನನಗೆ ಗೊತ್ತು ಎನ್ನುತ್ತಾನೆ. ತಂದೆಯನ್ನು ವಂಚಿಸಿ ಬಂದವಳು ಅವಳು ಎಂದು ಚುಚ್ಚುತ್ತಾನೆ. ತನ್ನ ಬಣ್ಣ, ವಯಸ್ಸು, ಒರಟು ಮಾತು ಇವುಗಳ ಬಗ್ಗೆ ಒಥೆಲೊನ ಮನದಾಳದಲ್ಲಿದ್ದ ಕೀಳರಿಮೆ ಆಗ ತಲೆಯೆತ್ತುತ್ತದೆ. ದೃಶ್ಯದ ಮೊದಲಲ್ಲಿ ಹೆಂಡತಿಯ ಯಾವ ಮಾತಿಗೂ ಇಲ್ಲವೆನ್ನಲಾರದ ಗಂಡ, ಅದೇ ದೃಶ್ಯದ ಕೊನೆಗೆ ಕೊಲೆಯ ಶಪಥ ಮಾಡುತ್ತಾನೆ.

ಒಂದು ಕರವಸ್ತ್ರ

ಒಥೆಲೊ ಸುಮ್ಮನೆ ನಂಬಲಿಲ್ಲ, ಕಣ್ಣಿಗೆ ಕಾಣುವ ಪುರಾವೆ ಕೊಡು ಎಂದು ಗದರಿಸಿದ ಎಂಬುದೂ ನಿಜ. ಆ ಪುರಾವೆ ಒಂದು ಕರವಸ್ತ್ರ. ಅದು ಒಥೆಲೊ ಹೆಂಡತಿಗೆ ಕೊಟ್ಟ ಮೊದಲ ಕಾಣಿಕೆ. ಗಂಡನ ತಲೆನೋವಿಗೆ ಕಟ್ಟಲು ಹೋದಾಗ ಅದು ಡೆಸ್ಡಿಮೋನಾಳ ಕೈಯಿಂದ ಬೀಳುತ್ತದೆ. ಎಮಿಲಿಯಾ ಎತ್ತಿಕೊಂಡು ಗಂಡನಿಗೆ ಕೊಡುತ್ತಾಳೆ. ಇಯಾಗೊ ಅದನ್ನು ಕ್ಯಾಸಿಯೊನ ಕೋಣೆಯಲ್ಲಿ ಬೀಳಿಸುತ್ತಾನೆ. ಇಷ್ಟು ದೊಡ್ಡ ದುರಂತಕ್ಕೆ ಕರವಸ್ತ್ರವೇ ಎಂದು ಥಾಮಸ್ ರೈಮರ್ ಎಂಬ ವಿಮರ್ಶಕ 1693ರಲ್ಲಿ ಗೇಲಿ ಮಾಡಿದ್ದ. ಆದರೆ ಮನಸ್ಸು ಮೊದಲೇ ತೀರ್ಪು ಕೊಟ್ಟಾಗಿದ್ದರೆ ಸಾಕ್ಷ್ಯಕ್ಕೆ ಒಂದು ಚಿಂದಿ ಬಟ್ಟೆಯೂ ಸಾಕು.

ಒಥೆಲೊ ಮರೆಯಲ್ಲಿ ನಿಂತು ನೋಡುವ ದೃಶ್ಯ ಇದಕ್ಕೆ ಉದಾಹರಣೆ. ಬಿಯಾಂಕಾ ಎಂಬ ತನ್ನ ಗೆಳತಿಯ ವಿಷಯ ಮಾತಾಡುತ್ತ ಕ್ಯಾಸಿಯೊ ನಗುತ್ತಾನೆ. ಮಾತು ಒಥೆಲೊನಿಗೆ ಕೇಳಿಸದು, ನಗು ಮಾತ್ರ ಕಾಣುತ್ತದೆ. ತನ್ನ ಹೆಂಡತಿಯ ಬಗ್ಗೆಯೇ ನಗುತ್ತಿದ್ದಾನೆಂದು ತಿಳಿಯುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಇಂಥ ಕಡೆಗೇ ಹೇಳಿದ್ದು.

ಸೈಪ್ರಸ್ಸಿನ ವಿಚಾರಣೆ

ಈಗ ಮೊದಲ ಅಂಕದ ಆ ಸಭೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಆರೋಪ ಬಹಿರಂಗವಾಗಿತ್ತು, ಆರೋಪಿಗೆ ಬಾಯಿತ್ತು, ಸಾಕ್ಷಿಗೆ ಕರೆ ಹೋಯಿತು. ಇಲ್ಲಿ ಒಥೆಲೊನೇ ಫಿರ್ಯಾದಿ, ಅವನೇ ನ್ಯಾಯಾಧೀಶ, ಅವನೇ ಕೊಲೆಗಡುಕ. ಅವನು ಎಮಿಲಿಯಾಳನ್ನು ಕೇಳುತ್ತಾನೆ. ನನ್ನೊಡತಿ ನಿಷ್ಕಳಂಕಳು ಎಂದು ಅವಳು ಆಣೆಯಿಡುತ್ತಾಳೆ. ಬಯಸಿದ ಉತ್ತರವಲ್ಲವಾದ್ದರಿಂದ ಅದನ್ನು ತಳ್ಳಿಹಾಕುತ್ತಾನೆ. ಹೆಂಡತಿಯನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಆದರೆ ಕ್ಯಾಸಿಯೊನ ಹೆಸರೆತ್ತಿ ಅವಳ ಮೇಲಿನ ಆರೋಪವನ್ನು ಸ್ಪಷ್ಟವಾಗಿ ಹೇಳುವುದು ಕೊಲ್ಲಲು ಬಂದ ರಾತ್ರಿ ಮಾತ್ರ.

ಆ ರಾತ್ರಿ ಡೆಸ್ಡಿಮೋನಾ ಬೇಡಿಕೊಳ್ಳುವುದೂ ಅದನ್ನೇ: ಕ್ಯಾಸಿಯೊನನ್ನು ಕರೆಸಿ ಕೇಳಿ. ವೆನಿಸ್ಸಿನಲ್ಲಿ ಒಥೆಲೊ ತನಗಾಗಿ ಕೇಳಿ ಪಡೆದ ನ್ಯಾಯವನ್ನೇ ಅವಳೂ ಕೇಳುತ್ತಿದ್ದಾಳೆ. ಅವನ ಬಾಯಿ ಮುಚ್ಚಿಸಿಯಾಯಿತು ಎಂದು ಒಥೆಲೊ ಅವಳ ಉಸಿರು ಕಟ್ಟಿಸಿ ಕೊಲ್ಲುತ್ತಾನೆ. ಆದರೆ ಆ ಗಳಿಗೆಯಲ್ಲಿ ಕ್ಯಾಸಿಯೊ ಬದುಕಿದ್ದ! ಇಯಾಗೊ ಹೂಡಿದ ಕೊಲೆಯ ಸಂಚಿನಲ್ಲಿ ಅವನ ಕಾಲಿಗೆ ಗಾಯವಾಗಿತ್ತು, ಅಷ್ಟೆ. ಕರೆದಿದ್ದರೆ ಸಾಕ್ಷಿ ಬರುತ್ತಿದ್ದ.

ಮುಂದೆ ಸತ್ಯ ಹೊರಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಯಿ ಮುಚ್ಚೆಂದ ಗಂಡನ ಅಪ್ಪಣೆಯನ್ನು ಮೀರಿ ಎಮಿಲಿಯಾ ಕರವಸ್ತ್ರದ ಗುಟ್ಟನ್ನು ಹೇಳುತ್ತಾಳೆ, ಅದಕ್ಕೆ ಪ್ರಾಣವನ್ನೇ ತೆರುತ್ತಾಳೆ. ಕ್ಯಾಸಿಯೊ ಬಂದು ತನಗೆ ಅದು ಎಲ್ಲಿ ಸಿಕ್ಕಿತೆಂದು ವಿವರಿಸುತ್ತಾನೆ. ಕೆಲವೇ ಮಾತುಗಳಲ್ಲಿ ಎಲ್ಲ ಬಯಲಾಗುತ್ತದೆ. ಒಥೆಲೊ ತನಗೆ ತಾನೇ ಶಿಕ್ಷೆ ವಿಧಿಸಿಕೊಂಡು ಸಾಯುತ್ತಾನೆ. ಇಷ್ಟು ದಿನ ಮಾತನ್ನೇ ಬಂಡವಾಳ ಮಾಡಿಕೊಂಡಿದ್ದ ಇಯಾಗೊ ಇನ್ನು ಬಾಯಿ ಬಿಡುವುದಿಲ್ಲವೆಂದು ಮೌನವಾಗುತ್ತಾನೆ.

ಒಥೆಲೊನಲ್ಲಿ ನಂಬಿಕೆಯೇ ಇರಲಿಲ್ಲ ಎನ್ನುವಂತಿಲ್ಲ. ನಾಟಕದಲ್ಲಿ ‘ಪ್ರಾಮಾಣಿಕ’ ಎಂಬರ್ಥದ ಇಂಗ್ಲಿಷ್ ಪದ, ಅದರ ಬೇರೆ ರೂಪಗಳೂ ಸೇರಿ, 50ಕ್ಕೂ ಹೆಚ್ಚು ಸಲ ಬರುತ್ತದೆ. ಅದರ ಬಹುಪಾಲು ಕೀರ್ತಿ ಸಂದಿರುವುದು ಇಯಾಗೊನಿಗೆ! ಒಥೆಲೊ ನಂಬಿದ, ಬೇಕಾದಷ್ಟು ನಂಬಿದ. ಆದರೆ ಚಾಡಿ ಹೇಳಿದವನನ್ನು ಪರೀಕ್ಷೆಯಿಲ್ಲದೆ ನಂಬಿ, ಜೊತೆಗೆ ಬಾಳುವವಳನ್ನು ವಿಚಾರಣೆಯಿಲ್ಲದೆ ಶಂಕಿಸಿದ. ನಮ್ಮ ಆಡುಮಾತಿನಲ್ಲಿ ಇಂಥವರನ್ನು ಹಿತ್ತಾಳೆ ಕಿವಿಯವರು ಎನ್ನುತ್ತೇವೆ.

ಮನೆಯಲ್ಲಾಗಲಿ, ಹಾಸ್ಟೆಲಿನಲ್ಲಾಗಲಿ, ಕಚೇರಿಯಲ್ಲಾಗಲಿ, ನಿಮ್ಮ ಹಿತಕ್ಕೇ ಹೇಳುತ್ತಿದ್ದೇನೆ, ನನ್ನ ಹೆಸರು ಮಾತ್ರ ಹೇಳಬೇಡಿ ಎಂದು ಯಾರಾದರೂ ಪಿಸುಗುಟ್ಟಿದಾಗ ವೆನಿಸ್ಸಿನ ಆ ಸಭೆಯನ್ನು ನೆನಪಿಸಿಕೊಳ್ಳಿ. ಆರೋಪ ಯಾರ ಮೇಲಿದೆಯೋ ಅವರನ್ನು ಕರೆದು, ಎದುರು ಕೂರಿಸಿಕೊಂಡು, ವಿಷಯ ಹೀಗಂತೆ, ನಿಜವೇ ಎಂದು ಕೇಳಿ. ಕೇಳುವುದಕ್ಕೆ ಸಂಕೋಚವಾಗಬಹುದು. ಒಥೆಲೊನಿಗೂ ಆಗಿತ್ತು. ಅವನು ಆ ಸಂಕೋಚಕ್ಕೆ ತೆತ್ತ ಬೆಲೆ ಏನೆಂದು ನಾಟಕದ ಕೊನೆಯ ದೃಶ್ಯದಲ್ಲಿದೆ. ಬಿಡುವಾದಾಗ ಓದಿ ನೋಡಿ.